ಜೆಫೈರ್‌ನ ನೆಟ್‌ವರ್ಕ್ ಲೈಬ್ರರಿಗಳು: ಬಳಸಿ, ಬಿಚ್ಚಿ, ತಿದ್ದಿ ನೋಡಿದ ಮೇಲೆ

ಒಂದು ಆರ್‌ಟಿಒಎಸ್ (ಸಣ್ಣ ಸಾಧನಗಳಲ್ಲಿ ಸಮಯಕ್ಕೆ ಸರಿಯಾಗಿ ಕೆಲಸ ಮಾಡುವ ಪುಟ್ಟ ಆಪರೇಟಿಂಗ್ ಸಿಸ್ಟಮ್) ಹೇಗಿದೆ ಅಂತ ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಏನು? ಎಷ್ಟು ಬೋರ್ಡ್‌ಗಳ ಮೇಲೆ ಓಡುತ್ತದೆ, ಎಷ್ಟು ಮೆಮೊರಿ ತಿನ್ನುತ್ತದೆ, ಇಂಟರಪ್ಟ್ ಬಂದರೆ ಎಷ್ಟು ಬೇಗ ಓಗೊಡುತ್ತದೆ ಅನ್ನುವುದು. ಇದೆಲ್ಲ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ನಾನು ಕೆಲಸ ಮಾಡುವ ಸಾಧನಗಳು ಹೊಲದಲ್ಲಿ ಬೋರ್‌ವೆಲ್ ಸ್ಟಾರ್ಟರ್ ಪಕ್ಕ ಕೂತು, ಒಂದು ಸಿಮ್ ಕಾರ್ಡ್ ನಂಬಿಕೊಂಡು ಸರ್ವರ್ ಜೊತೆ ಮಾತಾಡಬೇಕು. ಹಾಗಾಗಿ ನನ್ನ ಪ್ರಶ್ನೆಗಳು ಬೇರೆ. ಪ್ಯಾಕೆಟ್ ಕಳೆದುಹೋದಾಗ ಇದು ಏನು ಮಾಡುತ್ತದೆ? ಅದು ಮಾಡುವುದು ತಪ್ಪು ಅಂತ ಗೊತ್ತಾದರೆ ನಾನೇ ಒಳಗೆ ಕೈ ಹಾಕಿ ಸರಿ ಮಾಡಬಹುದಾ? ಸರಿ ಮಾಡಿದ್ದು ಮುಂದಿನ ಆವೃತ್ತಿಯಲ್ಲಿ ಉಳಿಯುತ್ತದಾ, ಅಥವಾ ಪ್ರತಿ ಸಲ ನಾನೇ ಪ್ಯಾಚ್ ಹೊತ್ತುಕೊಂಡು ತಿರುಗಬೇಕಾ? ಜೆಫೈರ್ ಅಂಥ ಒಂದು ಆರ್‌ಟಿಒಎಸ್, ಅದರ ನೆಟ್‌ವರ್ಕ್ ಭಾಗವನ್ನು ಈ ಪ್ರಶ್ನೆಗಳನ್ನಿಟ್ಟುಕೊಂಡೇ ನೋಡಿದ್ದೇನೆ. ಬ್ಲೂಟೂತ್, ಡಿಸ್‌ಪ್ಲೇ, ಯುಎಸ್‌ಬಿ ಬಗ್ಗೆ ಇಲ್ಲಿ ಏನೂ ಇಲ್ಲ.

ಮೊದಲೇ ಹೇಳಿಬಿಡುತ್ತೇನೆ, ನನಗೆ ಇದು ಇಷ್ಟ. ಬಗ್ ಇಲ್ಲ ಅಂತಲ್ಲ. ಬಗ್ ಹುಡುಕುವುದಕ್ಕೂ ಸರಿ ಮಾಡುವುದಕ್ಕೂ ಇಷ್ಟು ಅನುಕೂಲ ಇರುವ ಸಣ್ಣ ಓಎಸ್ ಇನ್ನೊಂದನ್ನು ನಾನು ಬಳಸಿಲ್ಲ, ಅದಕ್ಕೆ.

ಹಿನ್ನೆಲೆ ಸ್ವಲ್ಪ. ಜೆಫೈರ್ ಲಿನಕ್ಸ್ ಫೌಂಡೇಶನ್ ಕೆಳಗೆ 2016ರ ಫೆಬ್ರವರಿಯಲ್ಲಿ ಶುರುವಾಯಿತು. ಅಪಾಚೆ 2.0 ಲೈಸೆನ್ಸ್, ಅಂದರೆ ಪ್ರಾಡಕ್ಟ್‌ನಲ್ಲಿ ಹಾಕಿ ಮಾರಬಹುದು. ಶುರುವಿನಲ್ಲಿ ಇದರ ಐಪಿ ಸ್ಟ್ಯಾಕ್ (ಇಂಟರ್ನೆಟ್ ಪ್ಯಾಕೆಟ್‌ಗಳನ್ನು ಕಟ್ಟಿ ಬಿಡಿಸುವ ಕೋಡ್) ಸ್ವಂತದ್ದಲ್ಲ. ಕಾಂಟಿಕಿ ಅನ್ನುವ ಇನ್ನೊಂದು ಸಣ್ಣ ಓಎಸ್‌ನಿಂದ ಬಂದ ಯುಐಪಿ ಇತ್ತು, ಸ್ವೀಡನ್ನಿನ ಆಡಂ ಡಂಕಲ್ಸ್ ಬರೆದದ್ದು. ಎಲ್‌ಡಬ್ಲ್ಯುಐಪಿ ಅನ್ನುವ ಇನ್ನೊಂದು ಸ್ಟ್ಯಾಕ್ ಬರೆದವರೂ ಅವರೇ. ಯುಐಪಿ ಬಹಳ ಪುಟ್ಟದು, ಒಂದೇ ಬಫರ್ ಇಟ್ಟುಕೊಂಡು ಕೆಲಸ ನಡೆಸುವಂತೆ ಮಾಡಿದ್ದು, ಆ ಕಾಲದ 8 ಬಿಟ್ ಚಿಪ್‌ಗಳಿಗೆ ಅದು ದೊಡ್ಡ ಸಾಧನೆಯೇ. ಆದರೆ ಒಂದೇ ಸಲ ಹಲವು ಥ್ರೆಡ್, ಹಲವು ಇಂಟರ್‌ಫೇಸ್, ಐಪಿವಿ4 ಮತ್ತು ಐಪಿವಿ6 ಎರಡೂ ಬೇಕು ಅಂದಾಗ ಅದು ಸಾಲಲಿಲ್ಲ. 2017ರಲ್ಲಿ ಹೊಸ ಸ್ಟ್ಯಾಕ್ ಬಂತು, ಅದೇ ವರ್ಷ ಬಿಎಸ್‌ಡಿ ಸಾಕೆಟ್ ಶೈಲಿಯ ಎಪಿಐ (ಪ್ರೋಗ್ರಾಂಗಳು ನೆಟ್‌ವರ್ಕ್ ಬಳಸಲು ಕರೆಯುವ ಫಂಕ್ಷನ್‌ಗಳು) ಕೂಡ. 2020ರ ಹೊತ್ತಿಗೆ ಟಿಸಿಪಿಯನ್ನು (ಡೇಟಾ ಕ್ರಮವಾಗಿ, ಕಳೆಯದೆ ತಲುಪುವಂತೆ ನೋಡುವ ಭಾಗ) ಮತ್ತೊಮ್ಮೆ ಪೂರ್ತಿ ಹೊಸದಾಗಿ ಬರೆದರು. ಹೊಸ ಟಿಸಿಪಿಯ ಒಳ್ಳೆಯ ಅಂಶ ಏನೆಂದರೆ ಅದನ್ನು ಹೊರಗಿನಿಂದ ಟೆಸ್ಟ್ ಮಾಡುವುದನ್ನು ಯೋಚಿಸಿಯೇ ಬರೆದಿದ್ದಾರೆ. ಟಿಟಿಸಿಎನ್-3 ಅಂತ ಟೆಲಿಕಾಂನವರು ಪ್ರೋಟೋಕಾಲ್ ಪರೀಕ್ಷೆಗೆ ಬಳಸುವ ಭಾಷೆ ಇದೆ, ಅದರಲ್ಲಿ ಬರೆದ ಟೆಸ್ಟ್‌ಗಳನ್ನು ಇದರ ಮೇಲೆ ಓಡಿಸಲು ಕೊಕ್ಕೆಗಳನ್ನು ಆಗಲೇ ಇಟ್ಟರು. ಆಮೇಲೆ ಒಂದೊಂದಾಗಿ ಸೇರಿಕೊಂಡವು: ಕಳೆದದ್ದನ್ನು ಬೇಗ ಮತ್ತೆ ಕಳಿಸುವುದು, ದಟ್ಟಣೆ ನಿಯಂತ್ರಣ, ಕ್ರಮ ತಪ್ಪಿ ಬಂದ ಸೆಗ್ಮೆಂಟ್‌ಗಳನ್ನು ಸ್ವಲ್ಪ ಹೊತ್ತು ಹಿಡಿದಿಡುವ ಕ್ಯೂ, ಸಂಪರ್ಕ ಇನ್ನೂ ಇದೆಯಾ ಅಂತ ಆಗಾಗ ನೋಡುವ ಕೀಪ್‌ಅಲೈವ್. ಎಲ್ಲವೂ ಬೇಕಾದರೆ ಆನ್, ಬೇಡವಾದರೆ ಆಫ್.

ಈಗ ನನಗೆ ತುಂಬಾ ಮುಖ್ಯ ಅನ್ನಿಸುವ ವಿಷಯಕ್ಕೆ ಬರುತ್ತೇನೆ. ಬಫರ್, ಅಂದರೆ ಪ್ಯಾಕೆಟ್‌ಗಳನ್ನು ಹಿಡಿದಿಡುವ ಮೆಮೊರಿ.

ಜೆಫೈರ್‌ನಲ್ಲಿ ಪ್ಯಾಕೆಟ್ ಅಂದರೆ ಒಂದೇ ಉದ್ದನೆಯ ಮೆಮೊರಿ ಅಲ್ಲ. ನೆಟ್-ಪ್ಯಾಕೆಟ್ ಅನ್ನುವ ಒಂದು ತಲೆ, ಅದಕ್ಕೆ ಸರಪಳಿಯಾಗಿ ಕಟ್ಟಿಕೊಂಡ ಸಣ್ಣ ಸಣ್ಣ ನೆಟ್-ಬಫ್ ತುಂಡುಗಳು. ಒಂದು ತುಂಡು ಸಾಮಾನ್ಯವಾಗಿ 128 ಬೈಟ್. 802.15.4 ಅನ್ನುವ ಕಡಿಮೆ ವಿದ್ಯುತ್ತಿನ ರೇಡಿಯೋದ ಒಂದು ಫ್ರೇಮ್ ಗರಿಷ್ಠ 127 ಬೈಟ್ ಇರುವುದರಿಂದ ಈ ಅಳತೆ ಅದಕ್ಕೆ ಸರಿಯಾಗಿ ಕೂರುತ್ತದೆ. ಐಪಿವಿ6 ಎಲ್ಲ ಲಿಂಕ್‌ಗಳೂ ಕನಿಷ್ಠ 1280 ಬೈಟ್ ಪ್ಯಾಕೆಟ್ ಸಾಗಿಸಬೇಕು ಅನ್ನುತ್ತದೆ. ಅಂಥ ಒಂದು ಪ್ಯಾಕೆಟ್ ಬಂದರೆ 10 ತುಂಡು ಒಟ್ಟಿಗೆ ಹೋಯಿತು. ಒಟ್ಟು ಎಷ್ಟು ತುಂಡು ಇರಬೇಕು ಅನ್ನುವುದನ್ನು ಬಿಲ್ಡ್ ಮಾಡುವಾಗಲೇ ಕೆ-ಕಾನ್ಫಿಗ್‌ನಲ್ಲಿ (ಬಿಲ್ಡ್ ಆಯ್ಕೆಗಳ ಪಟ್ಟಿಯಲ್ಲಿ) ತೀರ್ಮಾನ ಮಾಡಿರಬೇಕು, ಬರುವ ದಿಕ್ಕಿಗೆ ಬೇರೆ, ಹೋಗುವ ದಿಕ್ಕಿಗೆ ಬೇರೆ. ಇದು ಮದುವೆಗೆ ಬಾಡಿಗೆ ಪಾತ್ರೆ ತಂದ ಹಾಗೆ. ಎಣಿಸಿ ತಂದದ್ದು, ಎಣಿಸಿ ವಾಪಸ್ ಕೊಡಬೇಕು. ತುಂಡು ತೆಗೆದುಕೊಂಡವರು ಕೆಲಸ ಮುಗಿದ ಮೇಲೆ ಬಿಡದಿದ್ದರೆ ಸಾಧನ ತಕ್ಷಣ ಸಾಯುವುದಿಲ್ಲ. ಚೆನ್ನಾಗಿಯೇ ಓಡುತ್ತಿರುತ್ತದೆ. ವಾರಗಟ್ಟಲೆ ಓಡಿ ಒಂದು ದಿನ ಮಾತು ನಿಲ್ಲಿಸುತ್ತದೆ. ಎಲ್‌ಇಡಿ ಮಿಣುಕುತ್ತಿರುತ್ತದೆ, ಪಂಪು ತಿರುಗುತ್ತಿರುತ್ತದೆ, ಸರ್ವರ್‌ಗೆ ಮಾತ್ರ ಏನೂ ಬರುವುದಿಲ್ಲ. ರೈತರು ಫೋನ್ ಮಾಡಿ "ಸಾರ್, ಆಫ್ ಮಾಡಿ ಆನ್ ಮಾಡಿದ್ರೆ ಸರಿ ಹೋಗುತ್ತೆ" ಅಂತಾರೆ. ಆ ಮಾತು ಕೇಳಿದರೆ ಮೊದಲು ನೋಡಬೇಕಾದ ಜಾಗ ಬಫರ್ ಸೋರಿಕೆ.

ಇಂಥದ್ದೇ ಒಂದು ಸೋರಿಕೆ ನಮಗೂ ಸಿಕ್ಕಿತ್ತು. ಅದು ಜೆಫೈರ್‌ನ ಕೋಡ್ ಅಲ್ಲ, ಒಂದು 4ಜಿ ಮಾಡ್ಯೂಲ್ ಮಾರುವವರು ತಾವೇ ಬರೆದು ಕೊಟ್ಟ ಡ್ರೈವರ್. ಎಲ್ಲ ಸರಿ ಇದ್ದಾಗ ಬಫರ್ ಬಿಡುತ್ತಿತ್ತು. ಮಾಡ್ಯೂಲ್ ಮಧ್ಯದಲ್ಲಿ ಟವರ್ ಬದಲಿಸಿ ಕಳಿಸುವುದು ಅರ್ಧಕ್ಕೆ ನಿಂತರೆ, ಎರರ್ ಹಿಡಿದು ವಾಪಸ್ ಬರುವ ದಾರಿಯಲ್ಲಿ ಬಿಡುತ್ತಿರಲಿಲ್ಲ. ಲ್ಯಾಬ್‌ನಲ್ಲಿ ಟವರ್ ಬದಲಾಗುವುದೇ ಇಲ್ಲ, ಹಾಗಾಗಿ ಅಲ್ಲಿ ಎಂದೂ ಕಾಣುವುದಿಲ್ಲ. ಜೆಫೈರ್ ಶೆಲ್‌ನಲ್ಲಿ ನೆಟ್ ಮೆಮ್ ಅಂತ ಒಂದು ಕಮಾಂಡ್ ಇದೆ, ಬಫರ್ ಲೆಕ್ಕ ಇಡುವ ಆಯ್ಕೆಯನ್ನು ಆನ್ ಮಾಡಿದರೆ ಒಟ್ಟು ಎಷ್ಟು, ಖಾಲಿ ಎಷ್ಟು ಅಂತ ಆ ಕ್ಷಣದ ಲೆಕ್ಕ ಕೊಡುತ್ತದೆ. ಡೀಬಗ್ ಆಯ್ಕೆ ಆನ್ ಮಾಡಿದರೆ ನೆಟ್ ಅಲಾಕ್ಸ್ ಅಂತ ಇನ್ನೊಂದು ಸಿಗುತ್ತದೆ. ಅದು ಇನ್ನೂ ಬಿಡದೆ ಇರುವ ಪ್ರತಿ ಪ್ಯಾಕೆಟ್‌ಗೂ ಯಾವ ಫಂಕ್ಷನ್, ಯಾವ ಸಾಲಿನಲ್ಲಿ ತೆಗೆದುಕೊಂಡಿತು ಅಂತ ಹೇಳುತ್ತದೆ. ಅಷ್ಟು ಕಂಡ ಮೇಲೆ ಇನ್ನೇನು ಬೇಕು? ಡ್ರೈವರ್ ಫೈಲ್ ತೆಗೆದು ಆ ಸಾಲಿಗೆ ಹೋದರೆ ಆಯಿತು. ಇದನ್ನು ಹೊರಗಿನಿಂದ ಅಂಟಿಸಿಲ್ಲ, ಸ್ಟ್ಯಾಕ್ ಬರೆದವರೇ ತಮಗೆ ಬೇಕಾಗಿ ಮಾಡಿಟ್ಟಿದ್ದಾರೆ ಅನ್ನುವುದು ನೋಡಿದರೆ ಗೊತ್ತಾಗುತ್ತದೆ. ಮಾಡ್ಯೂಲ್‌ನವರ ಇನ್ನೊಂದು ಲೈಬ್ರರಿ ಬರೀ ಬೈನರಿ ಆಗಿ ಬಂದಿತ್ತು, ಸೋರ್ಸ್ ಇಲ್ಲ. ಅದರಲ್ಲಿ ಅನುಮಾನ ಬಂದರೆ ಟಿಕೆಟ್ ಹಾಕಿ ಕಾಯುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಎರಡನ್ನೂ ಒಟ್ಟಿಗೆ ಬಳಸಿದವರಿಗೆ ಈ ವ್ಯತ್ಯಾಸ ಮೈಗೆ ತಟ್ಟುತ್ತದೆ.

ಇನ್ನು ಪ್ರೋಟೋಕಾಲ್ ಲೈಬ್ರರಿಗಳು. ಕೋಆಪ್, ಎಂಕ್ಯೂಟಿಟಿ, ಎಲ್‌ಡಬ್ಲ್ಯುಎಂ2ಎಂ, ಡಿಎನ್‌ಎಸ್, ಎಸ್‌ಎನ್‌ಟಿಪಿ, ಎಚ್‌ಟಿಟಿಪಿ, ಟಿಎಫ್‌ಟಿಪಿ ಎಲ್ಲವೂ ಒಂದೇ ಸೋರ್ಸ್ ಮರದಲ್ಲಿ ಇವೆ. ಇವುಗಳಲ್ಲಿ ನಾನು ಹೆಚ್ಚು ಒದ್ದಾಡಿರುವುದು ಕೋಆಪ್ ಜೊತೆ. ಹಾಗಾಗಿ ಅದರ ಬಗ್ಗೆ ಜಾಸ್ತಿ ಬರೆಯುತ್ತೇನೆ.

ಕೋಆಪ್ ಅಂದರೆ ಸಣ್ಣ ಸಾಧನಗಳಿಗೆ ಮಾಡಿದ, ಎಚ್‌ಟಿಟಿಪಿ ಥರದ ವಿನಂತಿ-ಉತ್ತರದ ಪ್ರೋಟೋಕಾಲ್, ಯುಡಿಪಿ ಮೇಲೆ ಓಡುತ್ತದೆ. ಯುಡಿಪಿಗೆ ತಲುಪಿತೋ ಇಲ್ಲವೋ ಅನ್ನುವ ಚಿಂತೆ ಇಲ್ಲ, ಆ ಚಿಂತೆಯೆಲ್ಲ ಕೋಆಪ್‌ನದ್ದೇ. 2014ರ ಆರ್‌ಎಫ್‌ಸಿ 7252 (ಕೋಆಪ್‌ನ ಅಧಿಕೃತ ನಿಯಮಗಳ ದಾಖಲೆ) ಹೇಳುವ ಲೆಕ್ಕ ಹೀಗಿದೆ. ಸಂದೇಶ ಕಳಿಸಿ 2ರಿಂದ 3 ಸೆಕೆಂಡ್ ಒಳಗಿನ ಯಾವುದೋ ಒಂದು ಸಮಯ ಕಾಯಬೇಕು. ಉತ್ತರ ಬರದಿದ್ದರೆ ಮತ್ತೆ ಕಳಿಸಿ ಅದರ ಎರಡರಷ್ಟು ಕಾಯಬೇಕು, ಹೀಗೆ 4 ಸಲ ಮತ್ತೆ ಕಳಿಸಬಹುದು. ಕೊನೆಯ ಸಲ ಕಳಿಸುವ ಹೊತ್ತಿಗೆ ಗರಿಷ್ಠ 45 ಸೆಕೆಂಡ್ ಆಗಿರುತ್ತದೆ, ಕೈ ಚೆಲ್ಲುವ ಹೊತ್ತಿಗೆ 93 ಸೆಕೆಂಡ್. ಮೊದಲ ಕಾಯುವಿಕೆ ಸರಿಯಾಗಿ 2 ಸೆಕೆಂಡ್ ಅಂತ ಇಡದೆ 2ರಿಂದ 3ರ ನಡುವೆ ಎಲ್ಲೋ ಅಂತ ಯಾಕೆ ಇಟ್ಟರು? ಓದುವಾಗ ಇದು ಸಣ್ಣ ವಿಷಯ ಅನ್ನಿಸುತ್ತದೆ. ನಮ್ಮ ಕಡೆ ಹೊಲಗಳಲ್ಲಿ ತ್ರೀ ಫೇಸ್ ಕರೆಂಟ್ ದಿನಕ್ಕೆ ಇಂತಿಷ್ಟು ಗಂಟೆ ಅಂತ ಕೊಡುತ್ತಾರೆ, ಅಲ್ವಾ? ಕರೆಂಟ್ ಬಂದ ಕ್ಷಣ ಆ ಫೀಡರ್ ಮೇಲಿರುವ ಎಲ್ಲ ಕಂಟ್ರೋಲರ್‌ಗಳೂ ಒಂದೇ ಸಲ ಎದ್ದು ಕೂರುತ್ತವೆ. ಎಲ್ಲವೂ ಒಂದೇ ಟವರ್ ಹಿಡಿಯುತ್ತವೆ. ಎಲ್ಲವೂ ಒಟ್ಟಿಗೆ ಕಳಿಸುತ್ತವೆ. ಎಲ್ಲವೂ ಸರಿಯಾಗಿ 2 ಸೆಕೆಂಡ್ ಕಾದು ಮತ್ತೆ ಒಟ್ಟಿಗೆ ಕಳಿಸಿದರೆ ಮೊದಲ ಸಲ ಆದ ನೂಕುನುಗ್ಗಲು ಎರಡನೇ ಸಲವೂ ಹಾಗೇ ಆಗುತ್ತದೆ, ಮೂರನೇ ಸಲವೂ ಅಷ್ಟೇ. ಸಮಯವನ್ನು ಹಿಂದೆ ಮುಂದೆ ಮಾಡುವುದರಿಂದ ಆ ಗುಂಪು ಚದುರುತ್ತದೆ. ಜೆಫೈರ್‌ನಲ್ಲಿ ಇದಕ್ಕೆ ಬೇರೆಯೇ ಒಂದು ಕೆ-ಕಾನ್ಫಿಗ್ ಆಯ್ಕೆ ಇದೆ. ಯಾರಾದರೂ ಟೆಸ್ಟ್ ಸುಲಭ ಆಗಲಿ ಅಂತ ಅದನ್ನು ಆಫ್ ಮಾಡಿಟ್ಟಿದ್ದರೆ ಫೀಲ್ಡ್‌ಗೆ ಕಳಿಸುವ ಮೊದಲು ದಯವಿಟ್ಟು ಆನ್ ಮಾಡಿ. ಟಿಸಿಪಿಗೂ ಇಂಥದ್ದೇ ಆಯ್ಕೆ ಬೇರೆ ಇದೆ.

2 ಸೆಕೆಂಡ್ ಅನ್ನುವುದೇ ನಮಗೆ ಕಡಿಮೆ ಕೂಡ. ಸಿಗ್ನಲ್ ಕ್ಷೀಣ ಇರುವ ಕಡೆ, ಮಾಡ್ಯೂಲ್ ನಿದ್ದೆಯಿಂದ ಎದ್ದು ಟವರ್ ಜೊತೆ ಮಾತು ಶುರು ಮಾಡುವುದಕ್ಕೇ ಹಲವು ಸೆಕೆಂಡ್ ಹಿಡಿಯುತ್ತದೆ. ಉತ್ತರ ದಾರಿಯಲ್ಲಿದೆ, ಬರುತ್ತಿದೆ. ಅಷ್ಟರಲ್ಲಿ ನಾವು ಇನ್ನೊಂದು ಪ್ರತಿ ಕಳಿಸಿ ರೇಡಿಯೋ ಮತ್ತೆ ಆನ್ ಮಾಡಿ ಬ್ಯಾಟರಿ ತಿಂದಿರುತ್ತೇವೆ. ಮೊದಲು ಈ ಸಮಯಗಳು ಬಿಲ್ಡ್ ಮಾಡುವಾಗ ಒಂದೇ ಸಲ ಇಡುವಂಥವು, ಇಡೀ ಫರ್ಮ್‌ವೇರ್‌ಗೆ ಒಂದೇ. ಒಂದೇ ಸಾಧನ ಪಕ್ಕದ ರೇಡಿಯೋ ನೋಡ್ ಜೊತೆಯೂ ಮಾತಾಡಬೇಕು, ದೂರದ ಸರ್ವರ್ ಜೊತೆಯೂ ಮಾತಾಡಬೇಕು ಅಂದರೆ ಇದು ಕಷ್ಟ. ಈಗ ಕಾಯುವ ಸಮಯ, ಎಷ್ಟು ಪಟ್ಟು ಹೆಚ್ಚಿಸಬೇಕು, ಎಷ್ಟು ಸಲ ಕಳಿಸಬೇಕು ಅನ್ನುವುದನ್ನು ಪ್ರತಿ ವಿನಂತಿಯ ಜೊತೆಯೇ ಕೊಡಬಹುದು. ಇಂಥ ಸುಧಾರಣೆಗಳು ಜಾಹೀರಾತಿನಲ್ಲಿ ಬರುವುದಿಲ್ಲ. ಬ್ಯಾಟರಿ ಮೇಲೆ ಓಡುವ ನೀರಿನ ಮೀಟರ್‌ಗೆ ಮಾತ್ರ ಇದರಿಂದ ಆಯಸ್ಸು ಹೆಚ್ಚುತ್ತದೆ.

ಕೋಆಪ್ ಲೈಬ್ರರಿಯ ಹಳೆಯ ರೂಪದಲ್ಲಿ ಪ್ಯಾಕೆಟ್ ಕಟ್ಟುವ, ಬಿಡಿಸುವ ಫಂಕ್ಷನ್‌ಗಳು ಇದ್ದವು, ಕಾಯುತ್ತಿರುವ ಸಂದೇಶಗಳ ಪಟ್ಟಿ ಇಟ್ಟುಕೊಳ್ಳಲು ಒಂದು ಸ್ಟ್ರಕ್ಟ್ ಇತ್ತು, ಅಷ್ಟೇ. ಸಾಕೆಟ್ ತೆರೆಯುವುದು, ಟೈಮರ್ ಇಡುವುದು, ಮತ್ತೆ ಕಳಿಸುವುದು, ದೊಡ್ಡ ಡೇಟಾ ಬ್ಲಾಕ್‌ಗಳಾಗಿ ಬಂದರೆ ಜೋಡಿಸುವುದು ಎಲ್ಲ ಅಪ್ಲಿಕೇಶನ್ ಬರೆಯುವವರ ತಲೆನೋವು. ಪ್ರತಿ ಕಂಪನಿಯೂ ಅದೇ ಕೋಡ್ ಮತ್ತೆ ಮತ್ತೆ ಬರೆದು, ಅದೇ ಮೂಲೆಗಳಲ್ಲಿ ಅದೇ ತಪ್ಪು ಮಾಡುವ ಪರಿಸ್ಥಿತಿ. 2023ರಲ್ಲಿ ಕೋಆಪ್ ಕ್ಲೈಂಟ್ ಅಂತ ಮೇಲ್ಪದರ ಬಂತು, ಅದರ ಹಿಂದೆಯೇ ಸರ್ವರ್ ಪದರವೂ ಬಂತು. ಈಗ ವಿನಂತಿ ಕೊಟ್ಟು ಕಾಲ್‌ಬ್ಯಾಕ್‌ಗೆ ಕಾದರೆ ಸಾಕು. ಹೊಸಬರಿಗೆ ನಾನು ಹೇಳುವುದು, ಸುಮ್ನೆ ಹಳೆಯ ಸ್ಯಾಂಪಲ್ ನೋಡಿ ಕೈಯಾರೆ ಎಲ್ಲ ಬರೆಯಲು ಹೋಗಬೇಡಿ, ಕ್ಲೈಂಟ್ ಬಳಸಿ.

ಭದ್ರತೆಯ ವಿಷಯ ಬಿಡುವ ಹಾಗಿಲ್ಲ. 2020ರ ಮೇ ತಿಂಗಳಲ್ಲಿ ಎನ್‌ಸಿಸಿ ಗ್ರೂಪ್ ಅನ್ನುವ ಭದ್ರತಾ ಕಂಪನಿ ಜೆಫೈರ್ ಕೋಡ್ ಓದಿ ಒಂದು ದೊಡ್ಡ ವರದಿ ಹೊರತಂದಿತು. ನೆಟ್‌ವರ್ಕ್ ಲೈಬ್ರರಿಗಳಿಗೆ ಸಂಬಂಧಿಸಿದ ಕೆಲವು ದೋಷಗಳು ಅದರಲ್ಲಿ ಇದ್ದವು. ಅವುಗಳನ್ನು ಓದುವುದು ಒಂದು ಒಳ್ಳೆಯ ಪಾಠ, ಅದಕ್ಕೆ ಎರಡನ್ನು ವಿವರಿಸುತ್ತೇನೆ.

ಒಂದು ಎಂಕ್ಯೂಟಿಟಿಯದ್ದು (ನಡುವಿನ ಸರ್ವರ್ ಮೂಲಕ ಸಂದೇಶ ಹಂಚುವ ಪ್ರೋಟೋಕಾಲ್), ಸಿವಿಇ-2020-10062; ಸಿವಿಇ ಅಂದರೆ ಬಹಿರಂಗವಾದ ದೋಷಕ್ಕೆ ಕೊಡುವ ಗುರುತು ಸಂಖ್ಯೆ. ಎಂಕ್ಯೂಟಿಟಿ ಪ್ಯಾಕೆಟ್‌ನ ಉದ್ದವನ್ನು ಒಂದರಿಂದ 4 ಬೈಟ್‌ಗಳಲ್ಲಿ ಬರೆಯುತ್ತಾರೆ. ಪ್ರತಿ ಬೈಟ್‌ನಲ್ಲೂ 7 ಬಿಟ್ ಸಂಖ್ಯೆಗೆ, ಮೇಲಿನ ಒಂದು ಬಿಟ್ "ಇನ್ನೂ ಇದೆ" ಅನ್ನುವುದಕ್ಕೆ. ಹಾಗಾಗಿ ಗರಿಷ್ಠ 26,84,35,455. ನಾಲ್ಕನೇ ಬೈಟ್ ಆದಮೇಲೂ "ಇನ್ನೂ ಇದೆ" ಅಂತ ಹೇಳುವ ಪ್ಯಾಕೆಟ್ ಬಂದರೆ ಅದು ಕೆಟ್ಟ ಪ್ಯಾಕೆಟ್, ಅಲ್ಲಿಗೇ ಬಿಸಾಕಬೇಕು. ಈ ಉದ್ದ ಬಿಡಿಸುವ ಕೋಡ್‌ನಲ್ಲಿ ಎಣಿಕೆ ಒಂದು ಹೆಚ್ಚುಕಡಿಮೆ ಆಗಿತ್ತು, ಅದರಿಂದ ಮೆಮೊರಿ ಕೆಡುವ ಸಾಧ್ಯತೆ ಇತ್ತು. ಒಂದೇ ಒಂದು ಎಣಿಕೆ. ಆದರೆ ಆ ಕೋಡ್ ಕಡೆಗೆ ಬರುವ ಬೈಟ್‌ಗಳು ಇಂಟರ್ನೆಟ್‌ನಿಂದ ಬರುತ್ತವೆ, ಯಾರು ಬೇಕಾದರೂ ಏನು ಬೇಕಾದರೂ ಕಳಿಸಬಹುದು.

ಇನ್ನೊಂದು ಕೋಆಪ್‌ನದ್ದು, ಸಿವಿಇ-2020-10063. ಕೋಆಪ್ ತನ್ನ ಆಯ್ಕೆಗಳ ಸಂಖ್ಯೆಯನ್ನು ನೇರವಾಗಿ ಬರೆಯುವುದಿಲ್ಲ, ಹಿಂದಿನದಕ್ಕಿಂತ ಎಷ್ಟು ಹೆಚ್ಚು ಅಂತ ವ್ಯತ್ಯಾಸ ಮಾತ್ರ ಬರೆಯುತ್ತದೆ. ವ್ಯತ್ಯಾಸ 4 ಬಿಟ್‌ನಲ್ಲಿ ಹಿಡಿಸದಿದ್ದರೆ 13 ಅಂತ ಬರೆದು ಮುಂದೆ ಒಂದು ಬೈಟ್, ಅದಕ್ಕೂ ದೊಡ್ಡದಾದರೆ 14 ಅಂತ ಬರೆದು ಎರಡು ಬೈಟ್ ಸೇರಿಸುತ್ತಾರೆ. ಜಾಗ ಉಳಿತಾಯಕ್ಕೆ ಚೆನ್ನಾದ ಉಪಾಯ. ಆದರೆ ಓದುವವನು ಕೂಡುತ್ತಾ ಹೋಗಬೇಕು, ಕೂಡಿದ ಮೊತ್ತ 16 ಬಿಟ್‌ನಲ್ಲಿ ಹಿಡಿಸದಷ್ಟು ದೊಡ್ಡದಾದರೆ ಸುತ್ತಿ ಮತ್ತೆ ಚಿಕ್ಕದಾಗಿಬಿಡುತ್ತದೆ. ಬೇಕೆಂದೇ ಹಾಗೆ ಕಟ್ಟಿದ ಒಂದು ಪ್ಯಾಕೆಟ್ ಕಳಿಸಿ ದೂರದಿಂದಲೇ ಸಾಧನವನ್ನು ಸ್ತಬ್ಧ ಮಾಡಬಹುದಿತ್ತು. ಈಗ ಆ ಕೋಡ್ ತೆಗೆದು ನೋಡಿದರೆ ಪ್ರತಿ ಕೂಡುವಿಕೆಯೂ ಮೀರಿತಾ ಇಲ್ಲವಾ ಅಂತ ಪರೀಕ್ಷಿಸುವ ಫಂಕ್ಷನ್ ಮೂಲಕವೇ ಆಗುತ್ತದೆ.

ಇದನ್ನು ಓದಿ "ಓಹೋ, ಜೆಫೈರ್ ಸೇಫ್ ಅಲ್ಲ" ಅಂತ ತೀರ್ಮಾನಕ್ಕೆ ಬರಬೇಡಿ. ಅದೇ ವರ್ಷ ಜೂನ್‌ನಲ್ಲಿ ಟ್ರೆಕ್ ಅನ್ನುವ ಖಾಸಗಿ ಐಪಿ ಸ್ಟ್ಯಾಕ್‌ನಲ್ಲಿ 19 ದೋಷಗಳು ಹೊರಬಂದವು, ರಿಪಲ್20 ಅಂತ ಹೆಸರಾಯಿತು. ಡಿಸೆಂಬರ್‌ನಲ್ಲಿ ಯುಐಪಿ, ಎಫ್‌ನೆಟ್, ಪಿಕೋಟಿಸಿಪಿ, ನಟ್/ನೆಟ್ ಎಂಬ ನಾಲ್ಕು ಮುಕ್ತ ಸ್ಟ್ಯಾಕ್‌ಗಳಲ್ಲಿ ಸೇರಿ 33 ದೋಷಗಳು, ಅದು ಅಮ್ನೀಸಿಯಾ:33. ಹಿಂದಿನ ವರ್ಷ ವಿಎಕ್ಸ್‌ವರ್ಕ್ಸ್‌ನಲ್ಲಿ 11. ಅಂದರೆ ಸಿ ಭಾಷೆಯಲ್ಲಿ ಹೊರಗಿನ ಬೈಟ್‌ಗಳನ್ನು ಬಿಡಿಸುವ ಕೋಡ್ ಎಲ್ಲಿದ್ದರೂ ಈ ಅಪಾಯ ಇದೆ. ಸರಿ ಮಾಡಿದ ಕೋಡ್ ಸಾಧನಕ್ಕೆ ತಲುಪುವ ದಾರಿ ಎಷ್ಟು ಹತ್ತಿರ ಅನ್ನುವುದರಲ್ಲಿ ಮಾತ್ರ ವ್ಯತ್ಯಾಸ. ರಿಪಲ್20ರಲ್ಲಿ ದೊಡ್ಡ ಗೋಳಾಗಿದ್ದೇ ಅದು. ಆ ಸ್ಟ್ಯಾಕ್ ಎಷ್ಟೋ ಕೈ ದಾಟಿ ಹೋಗಿ, ತಮ್ಮ ಸಾಧನದ ಒಳಗೆ ಅದು ಇದೆ ಅಂತಲೇ ಹಲವರಿಗೆ ಗೊತ್ತಿರಲಿಲ್ಲ. ಜೆಫೈರ್‌ನಲ್ಲಿ ಮೂಲ ಒಂದೇ ಕಡೆ ಇದೆ, ಯಾವ ಕಮಿಟ್‌ನಲ್ಲಿ (ದಾಖಲಾದ ಕೋಡ್ ಬದಲಾವಣೆಯಲ್ಲಿ) ಸರಿಯಾಯಿತು ಅಂತ ನಾವೇ ನೋಡಬಹುದು, ಹಳೆಯ ಆವೃತ್ತಿ ಬಳಸುತ್ತಿದ್ದರೆ ಆ ಕಮಿಟ್ ಮಾತ್ರ ಎತ್ತಿಕೊಳ್ಳಬಹುದು.

ಎಂಕ್ಯೂಟಿಟಿ ಲೈಬ್ರರಿ ಬಗ್ಗೆ ಇನ್ನೊಂದು ಮಾತು. ಇದು ತೆಳುವಾದದ್ದು. ಓದುವ ಬಫರ್, ಬರೆಯುವ ಬಫರ್ ಎರಡನ್ನೂ ನೀವೇ ಕೊಡಬೇಕು. ಕೀಪ್‌ಅಲೈವ್ ಸಮಯಕ್ಕೆ ಸರಿಯಾಗಿ ನೀವೇ ಲೈವ್ ಫಂಕ್ಷನ್ ಕರೆಯಬೇಕು. ಸಂಪರ್ಕ ಕಡಿದರೆ ಮತ್ತೆ ಜೋಡಿಸುವುದು, ಕ್ಯೂಒಎಸ್ 1ರಲ್ಲಿ (ಕನಿಷ್ಠ ಒಂದು ಸಲ ತಲುಪಲೇಬೇಕು ಅನ್ನುವ ಮಟ್ಟ) ಉತ್ತರ ಬರದೆ ಉಳಿದ ಸಂದೇಶಗಳನ್ನು ನೆನಪಿಟ್ಟು ಮತ್ತೆ ಕಳಿಸುವುದು ಎಲ್ಲ ನಿಮ್ಮದೇ. ಪಿಸಿಯಲ್ಲಿ ಎಂಕ್ಯೂಟಿಟಿ ಬಳಸಿ ಬಂದವರು ಲೈಬ್ರರಿಯೇ ಎಲ್ಲ ನೋಡಿಕೊಳ್ಳುತ್ತದೆ ಅಂದುಕೊಂಡಿರುತ್ತಾರೆ. ಇಲ್ಲಿ ಹಾಗಲ್ಲ. ಮೆಮೊರಿ ಎಷ್ಟು ಖರ್ಚಾಗುತ್ತದೆ ಅನ್ನುವುದು ಪೂರ್ತಿ ನಮ್ಮ ಕೈಯಲ್ಲಿರಲಿ ಅನ್ನುವ ಉದ್ದೇಶ ನನಗೆ ಅರ್ಥವಾಗುತ್ತದೆ, ಒಪ್ಪುತ್ತೇನೆ ಕೂಡ. ಆದರೆ ಕೋಆಪ್‌ಗೆ ಕ್ಲೈಂಟ್ ಬಂದ ಹಾಗೆ ಇದಕ್ಕೂ ಬೇಕಾದವರಿಗೆ ಮೇಲ್ಪದರ ಒಂದು ಇದ್ದರೆ ತುಂಬಾ ಜನಕ್ಕೆ ಉಪಕಾರ.

ಮಾತುಕತೆಯನ್ನು ಗುಪ್ತವಾಗಿಡುವ ಟಿಎಲ್‌ಎಸ್‌ಗೆ ಒಳಗೆ ಎಂಬೆಡ್ ಟಿಎಲ್‌ಎಸ್ ಲೈಬ್ರರಿ ಇದೆ, ಹೊರಗೆ ಮಾಮೂಲಿ ಸಾಕೆಟ್‌ನ ಹಾಗೇ ಕಾಣುತ್ತದೆ. ಸರ್ಟಿಫಿಕೇಟ್ ಒಂದು ಟ್ಯಾಗ್ ಕೊಟ್ಟು ಸೇರಿಸಿ, ಸಾಕೆಟ್ ಆಯ್ಕೆಯಲ್ಲಿ ಆ ಟ್ಯಾಗ್ ಹೇಳಿದರೆ ಆಯಿತು. ಈ ವಿನ್ಯಾಸ ನನಗೆ ಬಹಳ ಹಿಡಿಸಿದೆ. ಮೆಮೊರಿ ಮಾತ್ರ ಲೆಕ್ಕ ಹಾಕಿ ಇಳಿಯಬೇಕು. ಟಿಎಲ್‌ಎಸ್‌ನ ಒಂದು ರೆಕಾರ್ಡ್ 16 ಕೆಬಿ ತನಕ ಇರಬಹುದು, ಬರುವುದಕ್ಕೂ ಹೋಗುವುದಕ್ಕೂ ಅಷ್ಟಷ್ಟು ಇಟ್ಟರೆ 64 ಕೆಬಿ ರ‍್ಯಾಮ್ ಇರುವ ಚಿಪ್‌ನಲ್ಲಿ ಅರ್ಧ ಅಲ್ಲೇ ಮುಗಿಯಿತು. ಸರ್ವರ್ ನಿಮ್ಮದೇ ಆಗಿದ್ದರೆ ರೆಕಾರ್ಡ್ ಅಳತೆ ಚಿಕ್ಕದು ಮಾಡಿಕೊಳ್ಳಿ.

ಯುಡಿಪಿ ಮೇಲೆ ಓಡುವ ಡಿಟಿಎಲ್‌ಎಸ್‌ಗೆ ಕನೆಕ್ಷನ್ ಐಡಿ ಸೌಲಭ್ಯ ಸೇರಿದ್ದು ನಮ್ಮಂಥವರಿಗೆ ದೊಡ್ಡ ಸಹಾಯ. ಮೊಬೈಲ್ ನೆಟ್‌ವರ್ಕ್‌ನಲ್ಲಿ ಸಾಧನ ನ್ಯಾಟ್ (ಒಂದೇ ಹೊರ ವಿಳಾಸವನ್ನು ಹಲವರಿಗೆ ಹಂಚುವ ವ್ಯವಸ್ಥೆ) ಹಿಂದೆ ಇರುತ್ತದೆ. ಯುಡಿಪಿ ಮಾತುಕತೆ ಸುಮ್ಮನಿದ್ದರೆ ಕನಿಷ್ಠ 2 ನಿಮಿಷವಾದರೂ ನೆನಪಿಡಿ ಅಂತ ಆರ್‌ಎಫ್‌ಸಿ 4787 ನ್ಯಾಟ್‌ಗಳಿಗೆ ಹೇಳುತ್ತದೆ, ನಾವು ಬಳಸುವ ಒಂದು ನೆಟ್‌ವರ್ಕ್‌ನಲ್ಲಿ ಅಷ್ಟೂ ಇರುವುದಿಲ್ಲ. ಮರೆತ ಮೇಲೆ ಸಾಧನ ಮತ್ತೆ ಮಾತಾಡಿದರೆ ಹೊಸ ಪೋರ್ಟ್‌ನಿಂದ ಬಂದ ಹಾಗೆ ಸರ್ವರ್‌ಗೆ ಕಾಣುತ್ತದೆ, ಯಾರಪ್ಪಾ ಇದು ಅಂತ ಬಿಸಾಕುತ್ತದೆ, ಮತ್ತೆ ಪೂರ್ತಿ ಹ್ಯಾಂಡ್‌ಶೇಕ್ (ಮೊದಲಿನ ಪರಸ್ಪರ ಪರಿಚಯ) ಆಗಬೇಕು. ಆರ್‌ಎಫ್‌ಸಿ 9146ರ ಕನೆಕ್ಷನ್ ಐಡಿ ಇದ್ದರೆ ವಿಳಾಸ ಬದಲಾದರೂ ಐಡಿ ನೋಡಿ ಸರ್ವರ್ ಗುರುತು ಹಿಡಿಯುತ್ತದೆ. ಆರ್‌ಎಫ್‌ಸಿ ಬಂದದ್ದು 2022ರಲ್ಲಿ, ಅದಾಗಿ ಬಹಳ ಕಾಲ ಕಳೆಯುವ ಮೊದಲೇ ಜೆಫೈರ್‌ನಲ್ಲಿ ಸಾಕೆಟ್ ಆಯ್ಕೆಯಾಗಿ ಸಿಕ್ಕಿತು.

ಇಷ್ಟೆಲ್ಲ ಹೇಳಿದ ಮೇಲೆ ನಾನು ಯಾಕೆ ಇದನ್ನು ಬಿಟ್ಟು ಹೋಗುವುದಿಲ್ಲ ಅನ್ನುವುದಕ್ಕೆ ನಿಜವಾದ ಕಾರಣ ಹೇಳುತ್ತೇನೆ. ನೇಟಿವ್ ಸಿಮ್. ಇದು ಬೋರ್ಡ್ ಇಲ್ಲದೆ ಇಡೀ ಜೆಫೈರ್ ಅನ್ನು ಲಿನಕ್ಸ್‌ನಲ್ಲಿ ಮಾಮೂಲಿ ಪ್ರೋಗ್ರಾಂ ಆಗಿ ಓಡಿಸುತ್ತದೆ. ನೆಟ್‌ವರ್ಕ್‌ಗೆ ಜೆತ್ ಅಂತ ಒಂದು ಟ್ಯಾಪ್ (ಕೃತಕ ನೆಟ್‌ವರ್ಕ್) ಇಂಟರ್‌ಫೇಸ್ ಬರುತ್ತದೆ, ಪಿಸಿ ಕಡೆ 192.0.2.2, ಜೆಫೈರ್ ಕಡೆ 192.0.2.1. ಅದೇ ಕೋಆಪ್ ಕೋಡ್, ಅದೇ ಟಿಸಿಪಿ ಕೋಡ್, ಆದರೆ ಬಗ್ ಹುಡುಕುವ ಜಿಡಿಬಿ ಹಾಕಬಹುದು, ಮೆಮೊರಿ ತಪ್ಪು ಹಿಡಿಯುವ ವ್ಯಾಲ್‌ಗ್ರೈಂಡ್ ಹಾಕಬಹುದು, ಅಡ್ರೆಸ್ ಸ್ಯಾನಿಟೈಸರ್ ಆನ್ ಮಾಡಬಹುದು. ವೈರ್‌ಶಾರ್ಕ್‌ನಲ್ಲಿ ಜೆತ್ ಆರಿಸಿಕೊಂಡರೆ ಪ್ರತಿ ಪ್ಯಾಕೆಟ್ ಕಣ್ಣ ಮುಂದೆ. ಇದರ ಮೇಲೆ ಲಿನಕ್ಸ್‌ನ ನೆಟೆಮ್ ಬಳಸಿ ಜೆತ್‌ನಲ್ಲಿ ನೂರಕ್ಕೆ 20 ಪ್ಯಾಕೆಟ್ ಬಿಸಾಕು, ಉಳಿದವನ್ನು 3 ಸೆಕೆಂಡ್ ತಡ ಮಾಡು ಅಂತ ಹೇಳಿದರೆ, ಟವರ್‌ನಿಂದ ದೂರ ಇರುವ ತೋಟದ ಪರಿಸ್ಥಿತಿ ಮೇಜಿನ ಮೇಲೇ ತಯಾರು. ಒಂದು ವಿಷಯ ಗಮನಿಸಿ, ಇದು ಪಿಸಿಯಿಂದ ಸಾಧನದ ಕಡೆ ಹೋಗುವ ದಿಕ್ಕಿಗೆ ಮಾತ್ರ ಅನ್ವಯ. ಅಂದರೆ ವಿನಂತಿ ಸರ್ವರ್‌ಗೆ ತಲುಪುತ್ತದೆ, ಉತ್ತರ ಮಾತ್ರ ಕಳೆದುಹೋಗುತ್ತದೆ. ಪರೀಕ್ಷಿಸಬೇಕಾದ ಕಠಿಣ ಸಂದರ್ಭವೂ ಅದೇ. ಸಾಧನ ಮತ್ತೆ ಕಳಿಸಿದಾಗ "ಪಂಪ್ ಆನ್ ಆಯಿತು" ಅನ್ನುವ ಸುದ್ದಿಯನ್ನು ಸರ್ವರ್ ಎರಡು ಸಲ ಬರೆದುಕೊಳ್ಳುತ್ತದಾ ಅಂತ ಅಲ್ಲೇ ಗೊತ್ತಾಗುತ್ತದೆ.

ಹೀಗೆ ಬಗ್ ಹಿಡಿದು ಸರಿ ಮಾಡಿದ ಮೇಲೆ ಅದನ್ನು ಮೂಲಕ್ಕೆ ಕಳಿಸುವ ದಾರಿ. ಗಿಟ್‌ಹಬ್‌ನಲ್ಲಿ ಪುಲ್ ರಿಕ್ವೆಸ್ಟ್ (ನಮ್ಮ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ). ಪ್ರತಿ ಕಮಿಟ್‌ನ ಕೊನೆಗೂ ನಿಮ್ಮ ಹೆಸರಿನ ಸಹಿ ಸಾಲು ಇರಲೇಬೇಕು. ಕಮಿಟ್ ಶೀರ್ಷಿಕೆಯಲ್ಲಿ ಯಾವ ಭಾಗ ಅಂತ ಮೊದಲು ಬರೆಯಬೇಕು, ಕೆಳಗೆ ವಿವರಣೆ ಇಲ್ಲದಿದ್ದರೆ ಯಂತ್ರವೇ ವಾಪಸ್ ಕಳಿಸುತ್ತದೆ. ಸಾಲಿನ ಉದ್ದ, ಟ್ಯಾಬ್, ಬ್ರಾಕೆಟ್ ಎಲ್ಲದಕ್ಕೂ ಲಿನಕ್ಸ್ ಕರ್ನಲ್ ಥರದ ನಿಯಮ. ಟ್ವಿಸ್ಟರ್ ಅನ್ನುವ ಉಪಕರಣ ಸಾವಿರಾರು ಟೆಸ್ಟ್ ಓಡಿಸುತ್ತದೆ, ನೀವು ಮುಟ್ಟದೇ ಇರುವ ಬೋರ್ಡ್‌ನಲ್ಲಿ ಬಿಲ್ಡ್ ಮುರಿದರೆ ಅದೂ ಕಾಣುತ್ತದೆ. ಆಮೇಲೆ ಕನಿಷ್ಠ ಇಬ್ಬರ ಒಪ್ಪಿಗೆ, ಅದರಲ್ಲಿ ಆ ಭಾಗದ ಹೊಣೆ ಹೊತ್ತವರ ಒಪ್ಪಿಗೆ ಸೇರಿರಬೇಕು. ಮೊದಲ ಸಲ ಮಾಡುವವರಿಗೆ ಇದು ಕಿರಿಕಿರಿ ಅನ್ನಿಸಬಹುದು. ನನಗೆ ಇದೇ ಇಷ್ಟ. ನಾನು ಕಳಿಸಿರುವುದು ಸಣ್ಣ ಸಣ್ಣವೇ, ಲಾಗ್ ಸಂದೇಶ ಸ್ಪಷ್ಟ ಮಾಡಿದ್ದು, ಬಿಟ್ಟುಹೋದ ಟೆಸ್ಟ್ ಸೇರಿಸಿದ್ದು, ದಾಖಲೆ ತಿದ್ದಿದ್ದು. ಆದರೂ ಅವುಗಳನ್ನು ಓದಿ ಪ್ರತಿ ಸಾಲಿನ ಬಗ್ಗೆ ಪ್ರಶ್ನೆ ಕೇಳಿದರು, "ಈ ಸಂದರ್ಭಕ್ಕೆ ಟೆಸ್ಟ್ ಎಲ್ಲಿ" ಅಂತ ಮರ್ಯಾದೆಯಿಂದಲೇ ಕೇಳಿದರು. ಒಂದು ಸಲ ಒಳಗೆ ಸೇರಿದ ಟೆಸ್ಟ್ ಮುಂದೆ ಯಾರು ಏನೇ ಬದಲಿಸಿದರೂ ನಮ್ಮ ಸಂದರ್ಭವನ್ನು ಕಾಯುತ್ತದೆ. ಪ್ಯಾಚ್ ಹೊತ್ತು ತಿರುಗುವ ಕೆಲಸ ತಪ್ಪುತ್ತದೆ.

ಬೇಸರಗಳೂ ಇವೆ. ಕೆ-ಕಾನ್ಫಿಗ್ ಆಯ್ಕೆಗಳು ವಿಪರೀತ. ನೆಟ್‌ವರ್ಕ್ ಒಂದಕ್ಕೇ ನೂರಾರು, ಒಂದು ಆನ್ ಮಾಡಲು ಇನ್ನೊಂದು ಬೇಕು, ಇನ್ನೊಂದರ ಡಿಫಾಲ್ಟ್ ನಿಮ್ಮ ಬೋರ್ಡ್ ಬೇರೆ ಮಾಡಿರುತ್ತದೆ. ಯಾವ ಸಂಖ್ಯೆ ಹೆಚ್ಚಿಸಿದರೆ ಯಾವುದಕ್ಕೆ ಎಷ್ಟು ಮೆಮೊರಿ ಹೋಗುತ್ತದೆ ಅನ್ನುವುದನ್ನು ಒಂದೇ ಕಡೆ ಕೂರಿಸಿ ವಿವರಿಸಿದ ದಾಖಲೆ ಇನ್ನೂ ಚೆನ್ನಾಗಿರಬೇಕಿತ್ತು. ಎಪಿಐ ಬದಲಾವಣೆ ಇನ್ನೊಂದು. ಕೆಲವೇ ತಿಂಗಳಿಗೊಂದು ಆವೃತ್ತಿ ಬರುತ್ತದೆ, ಪ್ರತಿ ಸಲ ವಲಸೆ ಮಾರ್ಗದರ್ಶಿ ಓದಿ ಸರಿಪಡಿಸಿಕೊಳ್ಳಬೇಕು. 2022ರಲ್ಲಿ ಎಲ್ಲ ಹೆಡರ್ ಫೈಲ್‌ಗಳ ದಾರಿ ಬದಲಾದಾಗ ಹಳೆಯ ಪ್ರಾಜೆಕ್ಟ್‌ಗಳಲ್ಲಿ ಪ್ರತಿ ಫೈಲ್ ಮುಟ್ಟಬೇಕಾಯಿತು. ಇಂಟರ್ನೆಟ್‌ನಲ್ಲಿ ಸಿಗುವ ಹಳೆಯ ಉದಾಹರಣೆಗಳು ಅರ್ಧಕ್ಕರ್ಧ ಈಗ ಬಿಲ್ಡ್ ಆಗುವುದಿಲ್ಲ. ಹೊಸಬರು ಯಾವಾಗಲೂ ಮರದೊಳಗಿನ ಸ್ಯಾಂಪಲ್‌ಗಳನ್ನೇ ನೋಡಲಿ.

ಯಾರಿಗೆ ಬೇಡ? ಲಿನಕ್ಸ್ ಓಡುವಷ್ಟು ದೊಡ್ಡ ಬೋರ್ಡ್ ಇದ್ದರೆ ಇದರ ಅಗತ್ಯ ಇಲ್ಲ. ಇಎಸ್‌ಪಿ32 ಚಿಪ್ ಒಂದೇ ಬಳಸುತ್ತೀರಿ, ಚಿಪ್‌ನವರ ಎಸ್‌ಡಿಕೆ ಜೊತೆ ಬರುವ ಎಲ್‌ಡಬ್ಲ್ಯುಐಪಿ ಚೆನ್ನಾಗಿ ಓಡುತ್ತಿದೆ ಅಂದರೆ ಬದಲಿಸಲು ಹೋಗಬೇಡಿ, ಎಲ್‌ಡಬ್ಲ್ಯುಐಪಿ ಬಹಳ ಪಳಗಿದ ಕೋಡ್. ಬೇರೆ ಬೇರೆ ಕಂಪನಿಗಳ ಚಿಪ್ ಮೇಲೆ ಒಂದೇ ಫರ್ಮ್‌ವೇರ್ ಬೇಕು, ಚಿಪ್ ಸಿಗದಿದ್ದಾಗ ಇನ್ನೊಂದಕ್ಕೆ ಹಾರಬೇಕು, ಫೀಲ್ಡ್‌ನಲ್ಲಿ ವರ್ಷಗಟ್ಟಲೆ ಇರಬೇಕು ಅನ್ನುವವರಿಗೆ ಜೆಫೈರ್.

ಆವೃತ್ತಿ ಆರಿಸುವಾಗ ದೀರ್ಘ ಬೆಂಬಲದ್ದನ್ನೇ ನೋಡಿ: 2019ರ 1.14, 2021ರ 2.7, 2024ರ 3.7 ಇವು ಅಂಥವು. ಮೊದಲ ಎರಡನ್ನು ಈಗ ಹೊಸದಾಗಿ ಶುರು ಮಾಡಲು ಬಳಸಬೇಡಿ. 3.7 ಹಿಡಿದರೆ ಭದ್ರತೆಯ ತಿದ್ದುಪಡಿಗಳು ಬರುತ್ತವೆ, ಎಪಿಐ ಅಲುಗಾಡುವುದಿಲ್ಲ. ಕೋಆಪ್ ಕ್ಲೈಂಟ್ ಮಾತ್ರ 3.7ರ ಹೊತ್ತಿಗೆ ಇನ್ನೂ ಎಳೆಯದು, ಆಮೇಲೆ ಅದರಲ್ಲಿ ಸಾಕಷ್ಟು ಕೆಲಸ ಆಗಿದೆ. ಅದನ್ನೇ ನೆಚ್ಚಿಕೊಂಡಿರುವವರು 4ರ ಸರಣಿಯಲ್ಲಿ ಅದೇ ಫೈಲ್‌ನ ಕಮಿಟ್ ಇತಿಹಾಸ ಓದಿ ತಮಗೆ ಬೇಕಾದದ್ದು ಹಿಂದಕ್ಕೆ ಬಂದಿದೆಯಾ ಅಂತ ನೋಡಿಕೊಳ್ಳಿ. ಕಾಲೇಜಿನಲ್ಲಿದ್ದು ಬೋರ್ಡ್ ಕೊಳ್ಳಲು ದುಡ್ಡಿಲ್ಲದವರು ಲಿನಕ್ಸ್ ಲ್ಯಾಪ್‌ಟಾಪ್ ಒಂದಿದ್ದರೆ ಇವತ್ತೇ ಶುರು ಮಾಡಬಹುದು. ಮೂಲ ಇಳಿಸಿಕೊಂಡು ಟೆಸ್ಟ್ಸ್ ಫೋಲ್ಡರ್‌ನ ಒಳಗೆ ನೆಟ್, ಅದರೊಳಗೆ ಲಿಬ್, ಅದರೊಳಗೆ ಕೋಆಪ್ ಟೆಸ್ಟ್‌ಗಳನ್ನು ನೇಟಿವ್ ಸಿಮ್ ಮೇಲೆ ಓಡಿಸಿ. ಆಮೇಲೆ ಆರ್‌ಎಫ್‌ಸಿ ಪಕ್ಕದಲ್ಲಿಟ್ಟುಕೊಂಡು, ಅದು "ಇಂಥ ಪ್ಯಾಕೆಟ್ ಬಂದರೆ ಬಿಸಾಕಬೇಕು" ಅನ್ನುವ ಸಾಲುಗಳನ್ನು ಒಂದೊಂದಾಗಿ ಹುಡುಕಿ, ಯಾವುದಕ್ಕೆ ಇನ್ನೂ ಟೆಸ್ಟ್ ಇಲ್ಲ ಅಂತ ನೋಡಿ.